ಪಾಳಿ ಮುಗಿಸಿ ಮನೆಗೆ ಬಂದವರು: ಕೋಲಾರ ಚಿನ್ನದ ಗಣಿಯ ತಂದೆಯರು ಮತ್ತು ಅವರ ಸಂಸಾರ

ದತ್ತಿ ಉಪನ್ಯಾಸವು ಕನ್ನಡದ ಸಾರ್ವಜನಿಕ ಬದುಕಿನಲ್ಲಿ ಅಗಲಿದವರನ್ನು ನೆನೆಯುವ ಒಂದು ಗೌರವದ ಕ್ರಮವಾಗಿ ಬೆಳೆದುಬಂದಿದೆ. ಕುಟುಂಬದವರು ತಂದೆಯ, ತಾಯಿಯ, ಗಂಡನ ಅಥವಾ ಹೆಂಡತಿಯ ಹೆಸರಿನಲ್ಲಿ ಒಂದು ಸಂಸ್ಥೆಗೆ ಇಡುಗಂಟನ್ನು ಒಪ್ಪಿಸುತ್ತಾರೆ. ಆ ಹಣದ ಬಡ್ಡಿಯಿಂದ ವರ್ಷಕ್ಕೊಮ್ಮೆ ಯಾವುದಾದರೊಂದು ವಿಷಯದ ಮೇಲೆ ಮಾತು ನಡೆಯುತ್ತದೆ. ಮಾತು ಮೊದಲಾಗುವ ಮುನ್ನ ಅಗಲಿದವರ ಹೆಸರನ್ನೂ ಅವರು ಬಾಳಿದ ಬಗೆಯನ್ನೂ ಸಭೆಯ ಎದುರು ಗಟ್ಟಿಯಾಗಿ ಹೇಳಲಾಗುತ್ತದೆ. ಮಡಿದವರ ಹೆಸರು ವರ್ಷಕ್ಕೊಮ್ಮೆಯಾದರೂ ನಾಲ್ಕು ಜನರ ಕಿವಿಗೆ ಬೀಳಲಿ ಎಂಬ ಮಕ್ಕಳ ಆಸೆಗಿಂತ ದೊಡ್ಡ ಉದ್ದೇಶ ಇದಕ್ಕೆ ಬೇಕಾಗಿಲ್ಲ. ಆದರೆ ಇಡುಗಂಟು ಇಡುವಷ್ಟು ಉಳಿತಾಯ ಎಂದೂ ಆಗದ ಮನೆಗಳ ತಂದೆಯರ ಹೆಸರು ಈ ಕ್ರಮದಲ್ಲಿ ಕೇಳಿಬರುವುದು ಬಹಳ ಕಡಿಮೆ. ಅಂಥವರನ್ನು ಹೆಸರಿಲ್ಲದ ಗುಂಪಾಗಿ, ‘ಕಾರ್ಮಿಕರು’ ಎಂಬ ಬಹುವಚನದಲ್ಲಿ ನೆನೆಯುವುದೇ ರೂಢಿಯಾಗಿದೆ. ದತ್ತಿಯೊಂದರ ಆಶ್ರಯದಲ್ಲಿ ಆಡುವ ಮಾತು ಅಂಥ ತಂದೆಯರ ಕುರಿತೇ ಆಗುವುದು ಉಚಿತವೆಂಬ ನಂಬಿಕೆಯಿಂದ ಪ್ರಸ್ತುತ ಉಪನ್ಯಾಸವು ಕೋಲಾರ ಜಿಲ್ಲೆಯ ಚಿನ್ನದ ಗಣಿಗಳಲ್ಲಿ, ಅಂದರೆ ಎಲ್ಲರ ಬಾಯಲ್ಲಿ ಕೆಜಿಎಫ್ ಎಂದೇ ನಿಂತಿರುವ ಊರಿನಲ್ಲಿ, ನೂರಿಪ್ಪತ್ತು ವರ್ಷ ಭೂಮಿಯೊಳಗೆ ದುಡಿದವರ ಬದುಕನ್ನು ವಿಷಯವಾಗಿ ಆರಿಸಿಕೊಂಡಿದೆ.

ಈ ಗಣಿಗಳ ಚರಿತ್ರೆ ಬರೆಯದೆ ಉಳಿದಿಲ್ಲ. ತೆಗೆದ ಚಿನ್ನದ ತೂಕ, ಇಳಿದ ಆಳ, ಲಂಡನ್ನಿನ ಪಾಲುದಾರರಿಗೆ ಸಂದ ಲಾಭಾಂಶ ಇವೆಲ್ಲ ಕಂಪನಿಯ ಮತ್ತು ಸರ್ಕಾರದ ದಾಖಲೆಗಳಲ್ಲಿವೆ; ಕಾರ್ಮಿಕರ ಹೋರಾಟ ಮತ್ತು ಸಂಸ್ಕೃತಿಯನ್ನು ಇತಿಹಾಸಕಾರ್ತಿ ಜಾನಕಿ ನಾಯರ್ ಅವರು 1998ರಲ್ಲಿ ಪ್ರಕಟಿಸಿದ, ಮೈಸೂರು ಸಂಸ್ಥಾನದ ಗಣಿ ಮತ್ತು ಗಿರಣಿಯ ಕೆಲಸಗಾರರನ್ನು ಕುರಿತ ಗ್ರಂಥದಲ್ಲಿ ಶ್ರಮವಹಿಸಿ ಕಟ್ಟಿಕೊಟ್ಟಿದ್ದಾರೆ. ಉತ್ಪಾದನೆಯ ಚರಿತ್ರೆಗೂ ಮುಷ್ಕರದ ಚರಿತ್ರೆಗೂ ನಡುವೆ ದಿನನಿತ್ಯ ನಡೆಯುತ್ತಿದ್ದ ಒಂದು ಸಾಧಾರಣ ಸಂಗತಿಗೆ ಮಾತ್ರ ದಾಖಲೆಗಳಲ್ಲಿ ಜಾಗ ಸಿಕ್ಕಿಲ್ಲ: ಪಾಳಿ ಮುಗಿದ ಮೇಲೆ ಮನುಷ್ಯನೊಬ್ಬ ನಡೆದು ಮನೆಗೆ ಬರುತ್ತಿದ್ದ, ಅಲ್ಲಿ ಅವನಿಗಾಗಿ ಹೆಂಡತಿ ಮಕ್ಕಳು ಕಾದಿರುತ್ತಿದ್ದರು. ಗಣಿಯ ದುಡಿಮೆ ಗಂಡನೊಬ್ಬನದೆಂದು ಹಾಜರಿ ಪುಸ್ತಕ ಹೇಳಿದರೂ ಅದನ್ನು ಸಾಗಿಸಿದವರು ಇಬ್ಬರು. ಆದಕಾರಣ ಆ ತಂದೆಯ ಬದುಕನ್ನು ಸರಿಯಾಗಿ ನೆನೆಯಬೇಕಾದರೆ ಶಾಫ್ಟಿನ ಬಾಯಿಯ ಬಳಿ ನಿಲ್ಲದೆ, ಅವನ ಸಂಗಾತಿ ನಿಂತಿದ್ದ ಮನೆಯ ಬಾಗಿಲಿನವರೆಗೂ ಬರಬೇಕಾಗುತ್ತದೆ. ಈ ಉಪನ್ಯಾಸದ ವಾದ ಇಷ್ಟೇ.

ಹಿನ್ನೆಲೆಯನ್ನು ಚುಟುಕಾಗಿ ಹೇಳಬಹುದು. ಮಾರಿಕುಪ್ಪಂ, ಉರಿಗಾಂ ಸುತ್ತಿನ ಹಳ್ಳಿಗರು ಮಣ್ಣು ತೊಳೆದು ಚಿನ್ನದ ಕಣ ಆರಿಸುತ್ತಿದ್ದುದನ್ನು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಜಾನ್ ವಾರನ್ ಎಂಬ ಅಧಿಕಾರಿ ಬರೆದಿಟ್ಟಿದ್ದ. ಆ ಬರಹವನ್ನೋದಿ 1870ರ ದಶಕದಲ್ಲಿ ಗಣಿಗಾರಿಕೆಗೆ ಪರವಾನಗಿ ಪಡೆದವನು ಮೈಕಲ್ ಲ್ಯಾವೆಲ್, ಬೆಂಗಳೂರಿನ ಲ್ಯಾವೆಲ್ ರಸ್ತೆ ನೆನಪಿಟ್ಟುಕೊಂಡಿರುವ ಐರಿಷ್ ಸೈನಿಕ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಕಾಲಿಟ್ಟ ಮೇಲೆ ಮೈಸೂರು, ಚಾಂಪಿಯನ್ ರೀಫ್, ಉರಿಗಾಂ, ನಂದಿದುರ್ಗ ಮುಂತಾದ ಗಣಿಗಳು ಒಂದಾದಮೇಲೊಂದರಂತೆ ಬೆಳೆದವು. ಗಣಿಗಳಿಗೆಂದೇ ಶಿವನಸಮುದ್ರದಲ್ಲಿ ಜಲವಿದ್ಯುತ್ ಕೇಂದ್ರ ಕಟ್ಟಿ, 1902ರಲ್ಲಿ ಸುಮಾರು 147 ಕಿಲೋಮೀಟರ್ ತಂತಿ ಎಳೆದು ವಿದ್ಯುತ್ ತರಲಾಯಿತು. ಬೆಂಗಳೂರು ನಗರಕ್ಕೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ. ಯಂತ್ರಗಳಿಗೂ ಸಾಹೇಬರ ಬಂಗಲೆಗಳಿಗೂ ಹರಿದ ಆ ವಿದ್ಯುತ್ತು ಯಂತ್ರ ನಡೆಸುವವರ ಗುಡಿಸಲುಗಳ ಒಳಗೆ ಬಹುಕಾಲ ಇಣುಕಲಿಲ್ಲ ಎಂಬುದನ್ನು ಕರ್ನಾಟಕದ ವಿದ್ಯುತ್ತಿನ ಹೆಮ್ಮೆಯ ಕಥೆ ಹೇಳುವವರು ಸೇರಿಸಿ ಹೇಳುವುದು ನ್ಯಾಯ.

ದುಡಿಯಲು ಬಂದವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಸೀಮೆಗಳ ಬರಗಾಲದ ಹಳ್ಳಿಗಳಿಂದ ಹೊರಟ ತಮಿಳು ಮತ್ತು ತೆಲುಗು ಮಾತಿನ ಜನ. ಅವರಲ್ಲಿಯೂ ಬಹುಪಾಲು ಆದಿದ್ರಾವಿಡರು, ಅಂದರೆ ಊರಿನಲ್ಲಿ ಜಮೀನೂ ಇಲ್ಲದೆ, ಬಾವಿಯ ನೀರಿನ ಹಕ್ಕೂ ಇಲ್ಲದೆ ಬಾಳಿದ ಅಸ್ಪೃಶ್ಯ ಸಮುದಾಯದವರು. ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಈ ಕೆಲಸಗಾರರ ಸಂಖ್ಯೆ 30 ಸಾವಿರ ದಾಟಿತ್ತು. ಊರಿನ ಒಡೆಯನ ಕೈಯಿಂದ ತಪ್ಪಿಸಿಕೊಂಡು ಬಂದವರಿಗೆ ಗಣಿಯು ಕೂಲಿಯನ್ನು ಕಾಳಿನ ಬದಲು ಕಾಸಿನಲ್ಲಿ ಕೊಟ್ಟಿತು. ಕೈಯಲ್ಲಿ ಕಾಸು ಬಂದದ್ದರಿಂದ ಮಕ್ಕಳನ್ನು ಶಾಲೆಗೆ ಕಳಿಸುವ, ಊರಿಗೆ ಹೋದಾಗ ಕಾಲಿಗೆ ಚಪ್ಪಲಿ ಮೆಟ್ಟಿ ನಡೆಯುವ ಧೈರ್ಯವೂ ಬಂತು. ಗಣಿಯ ತಂದೆಯನ್ನು ಬರಿಯ ಶೋಷಿತನೆಂದು ನೆನೆಯುವವರು ಈ ಅಂಶವನ್ನು ಕಾಣದೆ ಹೋಗುತ್ತಾರೆ. ಅವನು ಆಳಕ್ಕೆ ಇಳಿದದ್ದು ಕೇವಲ ಹಸಿವಿಗಾಗಿ ಮಾತ್ರವಲ್ಲ, ತನ್ನ ಮಕ್ಕಳು ತನ್ನ ತಂದೆಯಂತೆ ಯಾರ ಅಂಗಳದಲ್ಲೂ ಕೈಕಟ್ಟಿ ನಿಲ್ಲಬಾರದೆಂಬ ಹಟಕ್ಕಾಗಿಯೂ ಹೌದು.

ಕೆಲಸದ ಸ್ವರೂಪವನ್ನು ಅರಿಯದೆ ಆ ಹಟದ ಬೆಲೆ ಅರ್ಥವಾಗುವುದಿಲ್ಲ. ಶಾಫ್ಟ್ ಎಂದರೆ ನೆಲದಿಂದ ನೇರವಾಗಿ ಕೆಳಕ್ಕೆ ಕೊರೆದ ಬಾವಿ. ಅದರೊಳಗೆ ಉಕ್ಕಿನ ಹಗ್ಗದ ಮೇಲೆ ಏರಿಳಿಯುವ ಪಂಜರಕ್ಕೆ ಕೇಜ್ ಎಂದು ಹೆಸರು. ಕೇಜ್ ನಿಲ್ಲುವ ಒಂದೊಂದು ಅಂತಸ್ತೂ ಒಂದೊಂದು ಲೆವೆಲ್. ಲೆವೆಲ್‌ನಿಂದ ಅಡ್ಡಲಾಗಿ ಕೊರೆದ ಸುರಂಗಗಳಲ್ಲಿ ನಡೆದು, ಅದಿರನ್ನು ಒಡೆದು ತೆಗೆಯುವ ಸ್ಟೋಪ್ ಎಂಬ ಟೊಳ್ಳಿನ ಜಾಗಕ್ಕೆ ಕಾರ್ಮಿಕ ತಲುಪಬೇಕಿತ್ತು. ಅಲ್ಲಿ ಬಂಡೆಗೆ ರಂಧ್ರ ಕೊರೆದು, ಸಿಡಿಮದ್ದು ತುಂಬಿ, ಸಿಡಿಸಿ, ಬಿದ್ದ ಕಲ್ಲನ್ನು ಬಾಚಿ ಡಬ್ಬಿಗಾಡಿಗೆ ತುಂಬುವುದು ದಿನದ ಕೆಲಸ. ಚಾಂಪಿಯನ್ ರೀಫ್ ಗಣಿ ಕೊನೆಕೊನೆಗೆ ಸುಮಾರು 3,200 ಮೀಟರ್ ಆಳ ಮುಟ್ಟಿ ಜಗತ್ತಿನ ಅತಿ ಆಳದ ಗಣಿಗಳ ಸಾಲಿಗೆ ಸೇರಿತ್ತು. ಆ ಆಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ಸೆಲ್ಸಿಯಸ್ ಮೀರುತ್ತಿದ್ದುದರಿಂದ ಮೇಲಿನಿಂದ ತಂಪು ಗಾಳಿಯನ್ನು ಒತ್ತಿ ಕಳಿಸದಿದ್ದರೆ ಮನುಷ್ಯ ನಿಲ್ಲುವಂತಿರಲಿಲ್ಲ. ಅದಿರಿನಲ್ಲಿ ಚಿನ್ನದ ಅಂಶ ಇಳಿಯುತ್ತಾ ಹೋದಂತೆ ಗಣಿ ಆಳವಾಗುತ್ತಾ ಹೋಯಿತು. ಆರಂಭದ ವರ್ಷಗಳಲ್ಲಿ ಒಂದು ಟನ್ ಕಲ್ಲಿಗೆ 40 ಗ್ರಾಂ ಮೀರಿ ಸಿಗುತ್ತಿದ್ದ ಚಿನ್ನ ಕೊನೆಯಲ್ಲಿ 3 ಗ್ರಾಂ ಆಸುಪಾಸಿಗೆ ಬಂದಿತ್ತು. ಅಂದರೆ ಅಷ್ಟೇ ಚಿನ್ನಕ್ಕೆ ಮಗನ ತಲೆಮಾರು ತಂದೆಯ ತಲೆಮಾರಿಗಿಂತ ಎಷ್ಟೋ ಪಟ್ಟು ಹೆಚ್ಚು ಕಲ್ಲು ಒಡೆಯಬೇಕಾಯಿತು, ಅದೂ ಹೆಚ್ಚು ಬಿಸಿಯಲ್ಲಿ.

ಪಾಳಿ ಮುಗಿಸಿ ಮೇಲೆ ಬಂದವನು ನೇರ ಮನೆಗೆ ಹೋಗುವಂತಿರಲಿಲ್ಲ. ಚಿನ್ನದ ಚೂರನ್ನು ಮರೆಮಾಡಿ ಒಯ್ಯುತ್ತಿರಬಹುದೆಂಬ ಅನುಮಾನದಿಂದ ಕಾವಲಿನವರು ಅವನ ಬಟ್ಟೆ, ಬುತ್ತಿ, ಮೈ ಎಲ್ಲವನ್ನೂ ತಪಾಸಣೆ ಮಾಡಿ ಬಿಡುತ್ತಿದ್ದರು. ಎಂಟು ಗಂಟೆ ಬೆವರು ಹರಿಸಿ ಬಂದ, ಮನೆಯಲ್ಲಿ ಬೆಳೆದ ಮಗಳಿರುವ ತಂದೆಯೊಬ್ಬ ದಿನವೂ ಕಳ್ಳನಂತೆ ಕೈಯೆತ್ತಿ ನಿಲ್ಲಬೇಕಾಗಿದ್ದುದು ಗಣಿಯ ಅಪಘಾತಗಳ ಪಟ್ಟಿಯಲ್ಲಿ ಬರುವುದಿಲ್ಲ; ಆದರೆ ಅದೂ ಒಂದು ಗಾಯವೇ. ಆ ಅವಮಾನವನ್ನು ಅವನು ಮನೆಯೊಳಕ್ಕೆ ತಾರದೆ ಬಾಳಿದ್ದರೆ, ಅದನ್ನು ಗಂಡಸಿನ ಮೌನವೆಂದು ಹೊಗಳುವುದಕ್ಕಿಂತ, ಕೇಳದೆಯೇ ತಿಳಿದುಕೊಂಡ ಹೆಂಡತಿಯ ಜಾಣ್ಮೆಯನ್ನು ಗುರುತಿಸುವುದು ಮೇಲು.

ಮನೆ ಎಂದರೆ ಕೂಲಿ ಲೈನು. ಬೆನ್ನಿಗೆ ಬೆನ್ನು ತಾಗಿಸಿ ಸಾಲಾಗಿ ಕಟ್ಟಿದ, ಒಂದು ಕೋಣೆಯ ವಸತಿಗಳಿಗೆ ಈ ಹೆಸರು. ಮೊದಮೊದಲು ಬಿದಿರಿನ ತಟ್ಟಿಯ ಗೋಡೆಗಳಿದ್ದವು. ಮುಂದೆ ತಗಡಿನ ಮಾಡು ಬಂತು, ಆಮೇಲೆ ಇಟ್ಟಿಗೆ ಗೋಡೆ ಬಂತು, ಆದರೆ ಕೋಣೆಗಳ ಸಂಖ್ಯೆ ಹೆಚ್ಚಲಿಲ್ಲ. ಆ ಒಂದು ಕೋಣೆಯಲ್ಲಿ ಅಡುಗೆ, ಹೆರಿಗೆ, ಓದು, ನೆಂಟರ ಉಪಚಾರ, ರೋಗಿಯ ಆರೈಕೆ ಎಲ್ಲವೂ ನಡೆಯಬೇಕಿತ್ತು. ಗಣಿ ಮೂರು ಪಾಳಿಗಳಲ್ಲಿ ನಡೆಯುತ್ತಿದ್ದುದರಿಂದ ಸಂಸಾರದ ಹಗಲು ರಾತ್ರಿಗಳೂ ಪಾಳಿಗೆ ತಕ್ಕಂತೆ ಬದಲಾಗುತ್ತಿದ್ದವು. ತಂದೆ ರಾತ್ರಿ ಪಾಳಿಯಲ್ಲಿದ್ದರೆ ಬೆಳಗ್ಗೆ ಬಂದು ಮಲಗುತ್ತಾನೆ. ಆ ಹೊತ್ತಿಗೆ ಒಲೆಯ ಹೊಗೆ ಅಡಗಿರಬೇಕು, ಎಳೆಗೂಸನ್ನು ಕಂಕುಳಲ್ಲೆತ್ತಿಕೊಂಡು ತಾಯಿ ಹೊರಜಗಲಿಗೆ ಬಂದಿರಬೇಕು, ದೊಡ್ಡ ಮಕ್ಕಳು ಲೈನಿನ ಕೊನೆಗೆ ಹೋಗಿ ಆಡಬೇಕು, ಪಕ್ಕದ ಮನೆಯಲ್ಲಿ ಒರಳಿನ ಸದ್ದು ತುಸು ತಡವಾಗಿ ಏಳಬೇಕು. ಇದನ್ನೆಲ್ಲ ಹೊಂದಿಸುವುದು ಹೆಂಡತಿಯ ಪಾಲಿನ ಕೆಲಸ, ಅದಕ್ಕೆ ಹಾಜರಿ ಪುಸ್ತಕವಿಲ್ಲ. ಬೀದಿಯ ನಲ್ಲಿಯಿಂದ ನೀರು ಹಿಡಿದು, ಅವನು ಬರುವ ಹೊತ್ತಿಗೆ ಮೈ ತೊಳೆಯಲು ಬಿಸಿನೀರು ಕಾಯಿಸಿ, ಕಲ್ಲಿನ ದೂಳು ಹತ್ತಿದ ಬಟ್ಟೆಯನ್ನು ಒಗೆದು ಮರುದಿನಕ್ಕೆ ಒಣಗಿಸುವುದೂ ಅವಳದೇ. ಒಗೆಯುವ ಮುನ್ನ ಬಟ್ಟೆ ಕೊಡವಿದಾಗ ಏಳುತ್ತಿದ್ದ ದೂಳು ಗಂಡನ ಎದೆಯೊಳಗೆ ಇಳಿಯುತ್ತಿದ್ದ ದೂಳೇ ಆಗಿತ್ತು ಎಂಬುದನ್ನು ಗಣಿಯ ಆರೋಗ್ಯದ ಲೆಕ್ಕ ಬರೆದವರು ಗಮನಕ್ಕೆ ತಂದುಕೊಂಡಂತಿಲ್ಲ. ಇದರ ಮೇಲೆ, ಮೊದಲ ದಶಕಗಳಲ್ಲಿ ಎಷ್ಟೋ ಹೆಂಗಸರು ಗಣಿಯ ಮೇಲ್ಮೈ ಕೆಲಸಗಳಲ್ಲಿ, ಕಲ್ಲು ಒಡೆಯುವುದರಲ್ಲಿ ಹೊರುವುದರಲ್ಲಿ, ತಾವೂ ಕೂಲಿಗೆ ನಿಂತಿದ್ದರು.

ಮೇಲಿದ್ದವಳಿಗೂ ಕೆಳಗಿದ್ದವನಿಗೂ ಸಂಬಂಧ ಎಷ್ಟು ನೇರವಾಗಿತ್ತು ಎಂಬುದಕ್ಕೆ ಕೆಜಿಎಫ್‌ನವರು ಏರ್ ಬ್ಲಾಸ್ಟ್ ಎಂದು ಕರೆಯುತ್ತಿದ್ದ ಘಟನೆಯನ್ನು ನೋಡಬೇಕು. ಅದಿರು ತೆಗೆದ ಜಾಗ ಟೊಳ್ಳಾದಾಗ, ಮೇಲಿನ ಸಾವಿರಾರು ಅಡಿ ಬಂಡೆಯ ಭಾರವೆಲ್ಲ ಉಳಿದ ಕಲ್ಲಿನ ಮೇಲೆ ಕೂರುತ್ತದೆ. ಒತ್ತಡ ತಡೆಯಲಾರದ ಹಂತದಲ್ಲಿ ಬಂಡೆ ಮದ್ದಿಟ್ಟಂತೆ ತಾನಾಗಿ ಸಿಡಿದು, ಸುರಂಗ ಮುಚ್ಚಿಹೋಗುತ್ತದೆ. ಭೂಗರ್ಭ ವಿಜ್ಞಾನದಲ್ಲಿ ಬಂಡೆಸಿಡಿತ ಎನ್ನಬಹುದಾದ ಇದು ಕೋಲಾರದ ಗಣಿಗಳಲ್ಲಿ ಎಷ್ಟು ಪದೇಪದೇ ಆಗುತ್ತಿತ್ತೆಂದರೆ ಅದನ್ನು ಅಳೆಯಲು ಭೂಕಂಪಮಾಪಕಗಳನ್ನೇ ಇಡಬೇಕಾಯಿತು. ದೊಡ್ಡ ಸಿಡಿತದ ಅದುರು ನೆಲದ ಮೇಲಕ್ಕೂ ಬರುತ್ತಿತ್ತು. 1966ರಲ್ಲಿ ಚಾಂಪಿಯನ್ ರೀಫ್‌ನಲ್ಲಿ ಆದ ಒಂದು ಸಿಡಿತಕ್ಕೆ ಮೇಲಿನ ಕಟ್ಟಡಗಳೇ ಬಿರುಕು ಬಿಟ್ಟವು. ಲೈನಿನಲ್ಲಿ ಗೋಡೆ ಅದುರಿ, ಕಪಾಟಿನ ಪಾತ್ರೆ ಗಲಗಲ ಎಂದರೆ ಸುದ್ದಿಗಾಗಿ ಕಾಯಬೇಕಾಗಿರಲಿಲ್ಲ. ಆ ಪಾಳಿಯಲ್ಲಿ ಯಾರ ಯಾರ ಮನೆಯವರು ಕೆಳಗಿದ್ದಾರೆ ಎಂಬ ಲೆಕ್ಕ ಹೆಂಗಸರ ಮನಸ್ಸಿನಲ್ಲಿ ಅದಾಗಲೇ ನಡೆದಿರುತ್ತಿತ್ತು, ಕಾಲುಗಳು ಶಾಫ್ಟಿನ ಕಡೆಗೆ ಹೊರಟಿರುತ್ತಿದ್ದವು. ಅಲ್ಲಿ ಕೇಜ್ ಮೇಲೆ ಬರುವುದನ್ನು ನೋಡುತ್ತಾ ನಿಂತ ಹೆಂಗಸರಲ್ಲಿ ಕೆಲವರಿಗೆ ಗಂಡ ನಡೆದು ಸಿಗುತ್ತಿದ್ದ. ಕೆಲವರಿಗೆ ಸಿಗುತ್ತಿರಲಿಲ್ಲ. ಪ್ರತಿದಿನ ಬುತ್ತಿ ಕಟ್ಟಿ ಕಳಿಸುವ ಕೈಗೆ ಈ ಸಾಧ್ಯತೆ ಪ್ರತಿದಿನವೂ ಗೊತ್ತಿತ್ತು. ಗೊತ್ತಿದ್ದೂ ಮಕ್ಕಳ ಎದುರು ಮುಖದಲ್ಲಿ ತೋರಿಸದೆ ಕಳಿಸಿಕೊಡುವುದನ್ನು ಸಣ್ಣ ಧೈರ್ಯವೆನ್ನಲಾಗದು.

ಬಂಡೆ ಸಿಡಿದು ಸತ್ತವರಂತೆ ದೂಳು ಕುಡಿದು ಸತ್ತವರೂ ಇದ್ದರು, ಆದರೆ ಅವರ ಸಾವು ಗಣಿಯಲ್ಲಾಗದೆ ಮನೆಯಲ್ಲಾದದ್ದರಿಂದ ಗಣಿಯ ಸಾವೆಂದು ಎಣಿಕೆಗೆ ಬರುವುದು ಕಷ್ಟವಾಯಿತು. ಚಿನ್ನ ಕೂಡಿರುವ ಬಂಡೆ ಬೆಣಚುಕಲ್ಲು. ಅದರಲ್ಲಿರುವ ಸಿಲಿಕಾ ಎಂಬ ಖನಿಜವು ಕೊರೆಯುವಾಗಲೂ ಸಿಡಿಸುವಾಗಲೂ ಕಣ್ಣಿಗೆ ಕಾಣದ ನುಣ್ಣನೆಯ ದೂಳಾಗಿ ಗಾಳಿಯಲ್ಲಿ ನಿಲ್ಲುತ್ತದೆ, ಉಸಿರಿನೊಡನೆ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ, ಇಳಿದದ್ದು ಮತ್ತೆ ಹೊರಬರುವುದಿಲ್ಲ. ದೂಳು ಕೂತಲ್ಲೆಲ್ಲ ಶ್ವಾಸಕೋಶ ಗಾಯದ ಕಲೆಯಂತೆ ಗಡಸಾಗುತ್ತಾ, ಉಸಿರು ತುಂಬಿಕೊಳ್ಳುವ ಜಾಗ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತದೆ. ಇದೇ ಸಿಲಿಕೋಸಿಸ್. ಇದನ್ನು ವಾಸಿಮಾಡುವ ಔಷಧ ಅಂದೂ ಇರಲಿಲ್ಲ, ಇಂದೂ ಇಲ್ಲ; ಕೆಲಸ ಬಿಟ್ಟ ಮೇಲೂ ಅದು ಮುಂದುವರಿಯುತ್ತದೆ, ಕ್ಷಯವನ್ನು ಸುಲಭವಾಗಿ ಬರಮಾಡಿಕೊಳ್ಳುತ್ತದೆ. ನೀರು ಹಾಯಿಸಿ ಕೊರೆಯುವ ಯಂತ್ರಗಳು ಬಂದಮೇಲೆ ದೂಳು ತಗ್ಗಿತಾದರೂ ಅದಕ್ಕೆ ಮೊದಲು ಒಣಬಂಡೆಯನ್ನೇ ಕೊರೆದ ತಲೆಮಾರುಗಳಿದ್ದವು. 1940ರಲ್ಲಿ ಮೈಸೂರು ಸರ್ಕಾರ ಸಿಲಿಕೋಸಿಸ್ ನಿಯಮಗಳನ್ನು ತಂದು ಪರಿಹಾರದ ದಾರಿ ತೆರೆಯಿತು. ಆ ದಶಕದಲ್ಲಿ ವೈದ್ಯರು ಸಾವಿರಾರು ಕೆಲಸಗಾರರನ್ನು ಪರೀಕ್ಷಿಸಿ ನೋಡಿದಾಗ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಮಂದಿಯಲ್ಲಿ ರೋಗ ಕಾಣಿಸಿತು. ಭಾರತದ ಕಾರ್ಮಿಕ ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ಸಿಲಿಕೋಸಿಸ್‌ನ ಪ್ರಕರಣ ತೆರೆಯುವುದೇ ಕೋಲಾರದಿಂದ.

ಈ ಅಂಕಿಯನ್ನು ಮನೆಯ ಕಡೆಯಿಂದ ಓದಬೇಕು. ನೂರು ಮನೆಗಳ ಲೈನಿನಲ್ಲಿ ನಲವತ್ತು ಮನೆಗಳ ತಂದೆ ಏದುಸಿರು ಬಿಡುತ್ತಿದ್ದ ಎಂದರೆ, ರಾತ್ರಿ ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೊರಗಿ ಕೂತು ನಿದ್ದೆ ಮಾಡುತ್ತಿದ್ದ ಎಂದರ್ಥ. ಅವನ ಬೆನ್ನಿಗೆ ದಿಂಬು, ಹಳೆಯ ಸೀರೆಯ ಗಂಟು ಒತ್ತಿಟ್ಟು ಪಕ್ಕದಲ್ಲಿ ಎಚ್ಚರವಿದ್ದವಳು ಇನ್ನೊಬ್ಬಳಿದ್ದಳು ಎಂದರ್ಥ. ನಲವತ್ತು ದಾಟುವ ಹೊತ್ತಿಗೆ ಅಂಗಡಿಯಿಂದ ಅಕ್ಕಿ ಹೊತ್ತು ತರಲಾರದೆ ಹೋದ ಗಂಡಸು, ಅದಕ್ಕೂ ಹತ್ತಿಪ್ಪತ್ತು ವರ್ಷ ಮೊದಲು ದಿನಕ್ಕೆ ಟನ್ನುಗಟ್ಟಲೆ ಕಲ್ಲು ಸರಿಸಿದವನೆಂದು ಮಕ್ಕಳಿಗೆ ಹೇಳಿ ನಂಬಿಸಬೇಕಾದವಳೂ ಅವಳೇ. ರೋಗವಿದೆಯೆಂದು ಎಕ್ಸ್‌ರೇ ಹೇಳಿದರೆ ಸಾಲದು, ವೈದ್ಯಮಂಡಳಿ ಅದನ್ನು ಪ್ರಮಾಣೀಕರಿಸಿ ಯಾವ ಹಂತದ್ದೆಂದು ಬರೆಯಬೇಕು, ಆ ಹಂತದ ಮೇಲೆ ಪರಿಹಾರದ ಮೊತ್ತ ನಿಲ್ಲುತ್ತದೆ. ರೋಗವನ್ನು ಬರಿಯ ಕ್ಷಯವೆಂದೋ ಉಬ್ಬಸವೆಂದೋ ಬರೆದುಬಿಟ್ಟರೆ ಕೈಗೆ ಬರುವುದು ಔಷಧದ ಚೀಟಿ ಮಾತ್ರ. ಹಾಗಾಗಿ ಸೇವಾ ಪುಸ್ತಕ, ಎಕ್ಸ್‌ರೇ, ಆಸ್ಪತ್ರೆಯ ಚೀಟಿ, ಭವಿಷ್ಯನಿಧಿಯ ಕಾಗದಗಳನ್ನು ತಗಡಿನ ಟ್ರಂಕಿನ ತಳದಲ್ಲಿ, ಮದುವೆ ಸೀರೆಯ ಮಡಿಕೆಯಲ್ಲಿಟ್ಟು ಕಾಯುವುದು ಹೆಂಡತಿಯ ಜವಾಬ್ದಾರಿಯಾಯಿತು. ಅಕ್ಷರ ಬಾರದಿದ್ದರೂ ಯಾವ ಕಾಗದ ಯಾವುದೆಂದು ಅಂಚು, ಬಣ್ಣ, ಮುದ್ರೆಗಳಿಂದ ಗುರುತಿಸಿ ತೆಗೆದುಕೊಡಬಲ್ಲ ಹೆಂಗಸರು ಇಂಥ ಮನೆಗಳಲ್ಲಿ ಇರುತ್ತಿದ್ದರು. ಒಬ್ಬ ಕಾರ್ಮಿಕನ ಬದುಕಿಗೆ ಸಂಬಂಧಿಸಿದ ಅತ್ಯಂತ ಪೂರ್ಣ ದಾಖಲೆ ಯಾವ ಕಚೇರಿಯಲ್ಲೂ ಇರಲಿಲ್ಲ, ಆ ಟ್ರಂಕಿನಲ್ಲಿತ್ತು.

ದುಡಿಮೆ ಮತ್ತು ರೋಗವಷ್ಟೇ ಅವರ ಬಾಳಾಗಿರಲಿಲ್ಲ. ಅಯೋತ್ತಿದಾಸ ಪಂಡಿತರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮದರಾಸಿನಲ್ಲಿ ಎಬ್ಬಿಸಿದ ಬೌದ್ಧ ಚಳವಳಿಗೆ ಮಾರಿಕುಪ್ಪಂ, ಚಾಂಪಿಯನ್ ರೀಫ್‌ಗಳಲ್ಲಿ ಗಟ್ಟಿಯಾದ ನೆಲೆ ಸಿಕ್ಕಿತು. ಅವರು ಹೊರಡಿಸುತ್ತಿದ್ದ ‘ತಮಿಳನ್’ ಪತ್ರಿಕೆ ಅವರ ತೀರಿಕೆಯ ನಂತರ ಕೆಲವು ಕಾಲ ಕೆಜಿಎಫ್‌ನಿಂದಲೇ ಹೊರಬಂತು. ಅಂಬೇಡ್ಕರ್ ಅವರು ಬೌದ್ಧ ಧರ್ಮವನ್ನು ಸ್ವೀಕರಿಸಿದ 1956ಕ್ಕೆ ನಾಲ್ಕೈದು ದಶಕ ಮೊದಲೇ ಕರ್ನಾಟಕದ ನೆಲದ ಮೇಲೆ ಕೂಲಿಕಾರರು ಕೂಡಿ ಬುದ್ಧವಿಹಾರ ನಡೆಸುತ್ತಿದ್ದರು, ಪಾಳಿಯಿಂದ ಬಂದ ಮೇಲೆ ಪತ್ರಿಕೆ ಓದಿಸಿ ಕೇಳುತ್ತಿದ್ದರು ಎಂಬುದು ಕನ್ನಡದ ದಲಿತ ಚರಿತ್ರೆಯಲ್ಲಿ ಇನ್ನಷ್ಟು ಜಾಗ ಪಡೆಯಬೇಕಾದ ವಿಚಾರ. 1954ರ ಜುಲೈಯಲ್ಲಿ ಅಂಬೇಡ್ಕರ್ ಅವರೇ ಕೆಜಿಎಫ್‌ಗೆ ಬಂದರು. ಲೈನುಗಳಲ್ಲಿ ಚರ್ಚಿನ ಗಾಯನವಿತ್ತು, ಮಾರಿಯಮ್ಮನ ಜಾತ್ರೆಯಿತ್ತು, ಪೊಂಗಲ್ ಮತ್ತು ಕ್ರಿಸ್‌ಮಸ್ ಎರಡಕ್ಕೂ ಮನೆ ಬಳಿಯಲಾಗುತ್ತಿತ್ತು, ಸಂಜೆ ಫುಟ್‌ಬಾಲ್ ಇತ್ತು. ಭಾನುವಾರ ಮಗನನ್ನು ಹೆಗಲಿಗೇರಿಸಿ ಪಂದ್ಯ ನೋಡಲು ಹೊರಟ ತಂದೆಯನ್ನು ಕಾಣದೆ, ಹೆಲ್ಮೆಟ್ ತೊಟ್ಟು ಕೇಜಿನಲ್ಲಿ ನಿಂತ ತಂದೆಯನ್ನು ಮಾತ್ರ ಕಾಣುವ ನೆನಪು ಅರೆಬರೆಯದು.

ಈ ತಂದೆಯರು ತಲೆಯೆತ್ತಿದ ದಿನಗಳೂ ಇವೆ. 1930ರಲ್ಲಿ ಪ್ರತಿಯೊಬ್ಬ ಕೆಲಸಗಾರನ ಬೆರಳಚ್ಚು ತೆಗೆದು ನೋಂದಣಿ ಚೀಟಿ ಕೊಡುವ ಹೊಸ ಕಟ್ಟಳೆ ಬಂದಾಗ, ಅಪರಾಧಿಗಳ ಬೆರಳಚ್ಚು ತೆಗೆಯುವ ಕ್ರಮ ತಮಗೇಕೆಂದು ಸಾವಿರಾರು ಮಂದಿ ಕೆಲಸಕ್ಕೆ ಇಳಿಯದೆ ನಿಂತರು; ಆಗ ಅವರಿಗೆ ಸಂಘವೂ ಇರಲಿಲ್ಲ, ಹೆಸರಾಂತ ನಾಯಕರೂ ಇರಲಿಲ್ಲ. ಕೂಲಿಗಾಗಿ ಹೂಡಿದ ಮುಷ್ಕರಕ್ಕಿಂತ ಮಾನಕ್ಕಾಗಿ ಹೂಡಿದ ಈ ಮುಷ್ಕರ ಅವರನ್ನು ಅರಿಯಲು ಹೆಚ್ಚು ನೆರವಾಗುತ್ತದೆ. 1940ರ ದಶಕದಲ್ಲಿ ಕಮ್ಯುನಿಸ್ಟ್ ನಾಯಕ ಕೆ.ಎಸ್. ವಾಸನ್ ಮೊದಲಾದವರು ಸಂಘ ಕಟ್ಟಿದರು. 1946ರ ದೀರ್ಘ ಮುಷ್ಕರದ ವರ್ಷ, ನವೆಂಬರ್ 4ರಂದು, ಪೊಲೀಸರ ಗುಂಡಿಗೆ ಆರು ಕಾರ್ಮಿಕರು ಬಲಿಯಾದರು. ಹುತಾತ್ಮರೆಂದು ಆ ಆರು ಮಂದಿಗೆ ಗಣಿಯ ಜನ ಇಂದಿಗೂ ನವೆಂಬರ್ 4ರಂದು ಗೌರವ ಸಲ್ಲಿಸುತ್ತಾರೆ. ಅಂದು ಸಂಜೆ ಆರು ಮನೆಗಳ ಒಲೆಯ ಮುಂದೆ ಏನಾಯಿತು, ಆ ಮಕ್ಕಳನ್ನು ಯಾರು ಬೆಳೆಸಿದರು ಎಂಬುದು ಭಾಷಣಗಳಲ್ಲಿ ಬರುವುದಿಲ್ಲ, ಬರಬೇಕಾಗಿತ್ತು.

1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ವಶಕ್ಕೆ, 1962ರಲ್ಲಿ ಕೇಂದ್ರಕ್ಕೆ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಸಾರ್ವಜನಿಕ ಸಂಸ್ಥೆಗೆ ಸೇರಿದವು. ನಷ್ಟದ ಕಾರಣ ಕೊಟ್ಟು 2001ರ ಫೆಬ್ರವರಿ 28ರಂದು ಬಾಗಿಲು ಮುಚ್ಚಲಾಯಿತು. ಅಷ್ಟರಲ್ಲಿ ಒಟ್ಟು ಸುಮಾರು 800 ಟನ್ ಚಿನ್ನ ಹೊರಬಂದಿತ್ತು. ಚಿನ್ನ ತೆಗೆದ ಮೇಲೆ ಉಳಿದ ಮೂರು ಕೋಟಿ ಟನ್ನಿಗೂ ಮೀರಿದ ಪುಡಿಕಲ್ಲು, ಸೈನೈಡ್ ದ್ರಾವಣದಿಂದ ಚಿನ್ನ ಬಿಡಿಸಿಕೊಂಡ ಕಾರಣಕ್ಕೆ ಸೈನೈಡ್ ಗುಡ್ಡ ಎನ್ನಿಸಿಕೊಂಡು, ಊರ ನಡುವೆ ಬೆಟ್ಟವಾಗಿ ನಿಂತಿತು, ಗಾಳಿಗಾಲದಲ್ಲಿ ಅದರ ದೂಳು ಈಗಲೂ ಅದೇ ಮನೆಗಳ ಮೇಲೆ ಬೀಳುತ್ತದೆ. ಗಣಿ ಮುಚ್ಚಿದ ದಿನ ತಂದೆಯರ ವಯಸ್ಸು ನಲವತ್ತೋ ಐವತ್ತೋ. ಬಂಡೆ ಕೊರೆಯುವ ಕಸುಬಿಗೆ ನೆಲದ ಮೇಲೆ ಗಿರಾಕಿ ಇರಲಿಲ್ಲ. ಮಾರಿಕುಪ್ಪಂನಿಂದ ಬಂಗಾರಪೇಟೆಗೆ ಹತ್ತೊಂಬತ್ತನೆಯ ಶತಮಾನದಲ್ಲಿ ಗಣಿಗೆಂದು ಹಾಕಿದ ರೈಲುಹಳಿಯ ಮೇಲೆ, ಚಾಂಪಿಯನ್, ಉರಿಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ನಸುಕಿಗೇ ಹತ್ತಿ ಬೆಂಗಳೂರಿಗೆ ಹೋಗಿಬರುವ ಸಾವಿರಾರು ಜನರ ಬದುಕು ಶುರುವಾಯಿತು. ಭೂಮಿಯ ಎರಡು ಮೂರು ಕಿಲೋಮೀಟರ್ ಆಳದಲ್ಲಿ ಬಂಡೆಯ ಸದ್ದು ಕೇಳಿಯೇ ಅಪಾಯ ಗುರುತಿಸಬಲ್ಲ ಕುಶಲಿಗಳು ನಗರದ ಕಟ್ಟಡಗಳ ಮುಂದೆ ಕಾವಲುಗಾರರಾಗಿ ಕೂತರು. ಹೆಣ್ಣುಮಕ್ಕಳು ಗಾರ್ಮೆಂಟ್ ಕಾರ್ಖಾನೆಗಳಿಗೆ, ಕಚೇರಿಗಳಿಗೆ ದುಡಿಯಲು ಹೊರಟರು. ಮನೆ ನಡೆಸುವ ಹೊಣೆ ಹೆಂಡತಿಯ, ಮಗಳ ಕೈಗೆ ಬಂದಾಗ ಅದನ್ನು ಒಪ್ಪಿಕೊಂಡು, ಬೆಳಗಿನ ರೈಲಿಗೆ ಹೋಗುವವರಿಗೆ ತಾನೇ ಎದ್ದು ಬುತ್ತಿ ಕಟ್ಟಿಕೊಟ್ಟ ತಂದೆಯರೂ ಇದ್ದರು. ಆಳಕ್ಕಿಳಿದ ಧೈರ್ಯಕ್ಕಿಂತ ಇದೇನೂ ಕಡಿಮೆಯದಲ್ಲ.

ಕೆಜಿಎಫ್ ಎಂಬ ಹೆಸರು 2018ರ ನಂತರ ಚಲನಚಿತ್ರದಿಂದಾಗಿ ದೇಶವೆಲ್ಲ ಬಲ್ಲ ಹೆಸರಾಗಿದೆ. ಚಿತ್ರದ ಕಥೆ ಕಲ್ಪನೆಯದು, ಅದಕ್ಕೆ ಆ ಹಕ್ಕಿದೆ. ಆದರೆ ಹೆಸರು ಕೇಳಿದೊಡನೆ ಬಂದೂಕು ನೆನಪಾಗಿ ಮನುಷ್ಯರು ನೆನಪಾಗದಿರುವುದು ಆ ಊರಿನ ಮಕ್ಕಳಿಗೆ ನೋವಿನ ಸಂಗತಿ. ವಿಜ್ಞಾನದ ಚರಿತ್ರೆಯಲ್ಲಿಯೂ ಇಂಥ ಮರೆವಿದೆ. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಎಂಬ ಅತಿಸೂಕ್ಷ್ಮ ಕಣವನ್ನು 1965ರಲ್ಲಿ ಜಗತ್ತಿನಲ್ಲೇ ಮೊದಲಿಗೆ ಗುರುತಿಸಿದ ಪ್ರಯೋಗಗಳಲ್ಲಿ ಒಂದು ಇದೇ ಗಣಿಯ ಆಳದಲ್ಲಿ ನಡೆಯಿತು. ಆ ಪ್ರಯೋಗಶಾಲೆಗೆ ಜಾಗ ಕೊರೆದುಕೊಟ್ಟ, ಉಪಕರಣಗಳನ್ನು ಇಳಿಸಿಕೊಟ್ಟ ಕೈಗಳ ಮಾತು ಭೌತಶಾಸ್ತ್ರದ ಪುಸ್ತಕಗಳಲ್ಲಿ ಸಿಗುವುದಿಲ್ಲ. ಕನ್ನಡ ಸಾಹಿತ್ಯ ಮತ್ತು ವಿದ್ವತ್ತು ಕೂಡ ಈ ಜನರ ವಿಷಯದಲ್ಲಿ ತೋರಬೇಕಾದಷ್ಟು ಅಕ್ಕರೆ ತೋರಿಲ್ಲ. ಅವರ ಮನೆಮಾತು ತಮಿಳು ಎಂಬುದು ದೂರ ನಿಲ್ಲಿಸಲು ಕಾರಣವಾಗಿದ್ದರೆ, ಅದು ಸಮ್ಮತವಾದ ಕಾರಣವಲ್ಲ. ಕನ್ನಡ ನೆಲದ ಕೆಳಗೆ ನಾಲ್ಕು ತಲೆಮಾರು ದುಡಿದು, ಇದೇ ನೆಲದಲ್ಲಿ ಮಣ್ಣಾದವರು ಈ ನಾಡಿನವರೇ.

ಮಾಡಬೇಕಾದ ಕೆಲಸ ಸ್ಪಷ್ಟವಾಗಿದೆ, ಸಮಯ ಮಾತ್ರ ಕಡಿಮೆಯಿದೆ. ಕೊನೆಯ ಪಾಳಿಗಳಲ್ಲಿ ಇಳಿದವರಿಗೆ ಇಂದು ವಯಸ್ಸಾಗಿದೆ. ಅವರ ಹೆಂಡತಿಯರಲ್ಲಿ, ವಿಶೇಷವಾಗಿ ಸಿಲಿಕೋಸಿಸ್‌ನಿಂದ ಗಂಡಂದಿರನ್ನು ಕಳೆದುಕೊಂಡವರಲ್ಲಿ, ಬದುಕಿರುವವರು ವರ್ಷವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಕೋಲಾರ ಜಿಲ್ಲೆಯ ಕಾಲೇಜುಗಳ ಇತಿಹಾಸ ಮತ್ತು ಕನ್ನಡ ವಿಭಾಗಗಳು ವಿದ್ಯಾರ್ಥಿಗಳನ್ನು ಲೈನುಗಳಿಗೆ ಕಳಿಸಿ ಈ ಹೆಂಗಸರ ಮಾತನ್ನು ಅವರು ಆಡುವ ತಮಿಳಿನಲ್ಲಿ, ತೆಲುಗಿನಲ್ಲಿಯೇ ಧ್ವನಿಮುದ್ರಿಸಿಕೊಳ್ಳಬೇಕು, ಅನಂತರ ಕನ್ನಡಕ್ಕೆ ತರಬೇಕು. ಟ್ರಂಕುಗಳಲ್ಲಿರುವ ಸೇವಾ ಪುಸ್ತಕ, ವೈದ್ಯಕೀಯ ಪ್ರಮಾಣಪತ್ರ, ಸಂಬಳದ ಚೀಟಿ, ಫೋಟೋಗಳ ಪ್ರತಿ ತೆಗೆದು, ಮೂಲವನ್ನು ಮನೆಯವರಿಗೇ ಮರಳಿಸಿ, ಪ್ರತಿಗಳನ್ನು ಜಿಲ್ಲೆಯೊಳಗೇ ಎಲ್ಲರಿಗೂ ಸಿಗುವಂತೆ ಇಡಬೇಕು. ಗಣಿಯವರ ಮಕ್ಕಳು ಮೊಮ್ಮಕ್ಕಳು ಇಂದು ಬೆಂಗಳೂರಿನಲ್ಲಿ, ಚೆನ್ನೈನಲ್ಲಿ, ಹೊರದೇಶಗಳಲ್ಲಿ ನೆಲೆಸಿದ್ದಾರೆ. ಈ ಉಪನ್ಯಾಸದ ಮುದ್ರಿತ ಪ್ರತಿ ಅವರಲ್ಲಿ ಯಾರ ಕೈ ಸೇರಿದರೂ, ಮುಂದಿನ ಬಾರಿ ಊರಿಗೆ ಹೋದಾಗ ಅಜ್ಜಿಯ ಟ್ರಂಕು ತೆರೆಸಿ, ಅಜ್ಜನ ಹೆಸರು, ಅವರ ಗಣಿ, ಅವರು ಇಳಿಯುತ್ತಿದ್ದ ಲೆವೆಲ್, ಅವರ ಪಾಳಿ ಇಷ್ಟನ್ನಾದರೂ ಕೇಳಿ ಬರೆದಿಟ್ಟುಕೊಳ್ಳಬೇಕೆಂಬುದು ವಿನಂತಿ. ಅಜ್ಜಿಯ ಹೆಸರನ್ನೂ ಅದರ ಪಕ್ಕದಲ್ಲಿ ಬರೆಯಬೇಕು.